ಸಿಎಲ್ ಉಳಿದ ಡಿಸೆಂಬರ್

ಮೈಸೂರಿನವರಿಗೆ ಮೈಸೂರು ನೋಡುವ ಯೋಗ ಕೂಡಿಬರುವುದು ಮನೆಗೆ ನೆಂಟರು ಬಂದಾಗ ಮಾತ್ರ. ಹುಬ್ಬಳ್ಳಿಯ ಅತ್ತಿಗೆ ಬಂದರೆ ಅರಮನೆ, ಅವರ ಮಕ್ಕಳು ಬಂದರೆ ಮೃಗಾಲಯ, ಅವರ ಅತ್ತೆಯವರು ಬಂದರೆ ಚಾಮುಂಡಿ ಬೆಟ್ಟ. ನಾವು ಜೊತೆಗೆ ಹೋಗುವುದು ಚೀಲ ಹಿಡಿಯಲು, ಚಪ್ಪಲಿ ಕಾಯಲು, ಫೋಟೊ ತೆಗೆಯಲು. ಅರಮನೆಗೆ ಅಷ್ಟು ಸಲ ಹೋಗಿಬಂದಿದ್ದರೂ ಅಲ್ಲಿ ನನ್ನದೊಂದು ಫೋಟೊ ಇಲ್ಲ. ಚಪ್ಪಲಿ ಸ್ಟ್ಯಾಂಡಿನವನಿಗೆ ಮಾತ್ರ ನನ್ನ ಗುರುತು ಚೆನ್ನಾಗಿದೆ.

ಹೋದ ಡಿಸೆಂಬರಿನಲ್ಲಿ ನೆಂಟರ ಬದಲು ನಮ್ಮನೆಯವರ ಸಿಎಲ್ ಬಂದು ಕೂತಿತು. "ಮುಂದೆ ಬೇಕಾಗುತ್ತೆ" ಎಂದು ವರ್ಷವಿಡೀ ಕೂಡಿಟ್ಟ ರಜೆ. 31ರೊಳಗೆ ಮುಗಿಸದಿದ್ದರೆ ಕೈಬಿಟ್ಟು ಹೋಗುತ್ತದೆ. ತರಕಾರಿಯವನು ಕರಿಬೇವು ಕೊಸರು ಹಾಕದಿದ್ದರೆ ಜಗಳಕ್ಕೆ ನಿಲ್ಲುವ ಮನುಷ್ಯ ರಜೆ ಬಿಟ್ಟುಕೊಟ್ಟಾರೆಯೇ? "ಮನಾಲಿಗೆ ಹೋಗೋಣ ಕಣೇ, ಹಿಮ ನೋಡೋಣ" ಎಂದರು. ಮೊದಲು ಜರ್ಕಿನ್ ಕೊಂಡರು, ಆಮೇಲೆ ಟಿಕೆಟ್ ನೋಡಿದರು. ರೈಲಿನಲ್ಲಿ ವೇಟಿಂಗ್ ಲಿಸ್ಟು. ವಿಮಾನದ ದರ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೊನೆಗೆ ಫ್ರಿಜ್ಜಿನ ಫ್ರೀಜರ್ ಬಾಗಿಲು ತೆರೆದು, "ಹಿಮ ಅಂದ್ರೆ ಇಷ್ಟೇ ಅಲ್ವೇನೇ" ಎಂದರು. ಹಗಲು ಊರ ಸುತ್ತಮುತ್ತ ತಿರುಗುವುದು, ರಾತ್ರಿ ಮನೆಯಲ್ಲೇ ಮಲಗುವುದು ಎಂದು ತೀರ್ಮಾನವಾಯಿತು.

ಮನಾಲಿಗೆ ಹೋಗುವವರು ಮನೆಗೆ ಬೀಗ ಹಾಕಿ ಮರೆತುಬಿಡುತ್ತಾರೆ. ಹತ್ತಿರದ ಪ್ರವಾಸದಲ್ಲಿ ಮನೆಯೂ ಹಿಂದೆಯೇ ಬರುತ್ತದೆ. ಹೊರಡುವ ಮುಂಚೆ ತಿಂಡಿ, ಪಾತ್ರೆ, ಸಂಪಿನ ಮೋಟಾರು. ಹಿಂತಿರುಗಿದರೆ ರಾತ್ರಿಯ ಅಡುಗೆ. ರಜೆ ಅವರದು, ಸಾರು ನನ್ನದು.

ಮೊದಲ ದಿನ ಬೆಟ್ಟ, ಅದೂ ಮೆಟ್ಟಿಲು ಹತ್ತಿ. ಮೈಸೂರಿನ ಮಾಗಿಯ ಬೆಳಗು ಎಂದರೆ ಹದಿನೈದು ಹದಿನಾರು ಡಿಗ್ರಿ. ಹಾಲಿನವನು ಬರೀ ಅಂಗಿಯಲ್ಲಿ ಬರುತ್ತಾನೆ. ನಮ್ಮನೆಯವರು ಮಾತ್ರ ಕೊಂಡ ತಪ್ಪಿಗೆ ಜರ್ಕಿನ್, ಅದರ ಮೇಲೆ ಮಫ್ಲರ್, ಮಂಕಿ ಕ್ಯಾಪ್, ಕೈಗವಸು ತೊಟ್ಟು ಹೊರಟರು. ಮೆಟ್ಟಿಲು ಸಾವಿರಕ್ಕೂ ಮೇಲೆ. ಹತ್ತುತ್ತಾ ಹತ್ತುತ್ತಾ ಒಂದೊಂದೇ ಬಿಚ್ಚಿ ನನ್ನ ಕೈಗೆ ಕೊಡುತ್ತಾ ಬಂದರು. ನಂದಿಯ ಹತ್ತಿರ ಬರುವಷ್ಟರಲ್ಲಿ ಮನಾಲಿ ಪೂರ್ತಿ ನನ್ನ ಹೆಗಲ ಮೇಲಿತ್ತು. ಈ ನಂದಿಯನ್ನು ಮಾಡಿಸಿದವರು 17ನೇ ಶತಮಾನದ ದೊಡ್ಡ ದೇವರಾಜ ಒಡೆಯರು, ಮೆಟ್ಟಿಲುಗಳೂ ಅವರವೇ. ಮೆಟ್ಟಿಲು ಹತ್ತಿದ ಪ್ರಜೆಗಳು ಮರ್ಯಾದೆ ಉಳಿಸಿಕೊಂಡು ಕೂರಲು ಒಂದು ನೆಪ ಬೇಕೆಂದು ದೊರೆಗೆ ಹೊಳೆದಿರಬೇಕು. ನಮ್ಮನೆಯವರು ನಂದಿಯ ಮುಂದೆ ಉದ್ದಂಡ ಬಿದ್ದರು. ನೋಡಿದವರು ಭಕ್ತಿ ಎಂದುಕೊಂಡರು.

ಸಂಜೆ ಅರಮನೆಯ ಅಂಗಳದಲ್ಲಿ ಫಲಪುಷ್ಪ ಪ್ರದರ್ಶನ. ಸ್ವಂತ ಊರಿನಲ್ಲಿ ಪ್ರವಾಸಿಗರಾಗುವುದರ ದೊಡ್ಡ ಅಪಾಯವೆಂದರೆ ಗುರುತಿನವರು. ರಜೆ ಅರ್ಜಿಯಲ್ಲಿ "ಮನೆಯಲ್ಲಿ ತುರ್ತು ಕೆಲಸ" ಎಂದು ಬರೆದಿದ್ದ ಇವರಿಗೆ ಹೂವಿನ ಆನೆಯ ಮುಂದೆ ಅವರ ಮ್ಯಾನೇಜರರೇ ಎದುರಾದರು. ಅವರು ಅಂದು ಜ್ವರವೆಂದು ಮನೆಯಲ್ಲಿ ಮಲಗಿರಬೇಕಾಗಿತ್ತು. ಇಬ್ಬರೂ ಕಂಡೂ ಕಾಣದವರಂತೆ ಪಕ್ಕದ ಕುಂಡಕ್ಕೆ ಬಾಗಿ, ಗಿಡದ ಲ್ಯಾಟಿನ್ ಹೆಸರನ್ನು ಬಹಳ ಹೊತ್ತು ಓದಿದರು. ಅಷ್ಟರಲ್ಲಿ ಏಳು ಗಂಟೆಯಾಗಿ ಅರಮನೆಯ ದೀಪ ಒಮ್ಮೆಗೇ ಹೊತ್ತಿಕೊಂಡಿತು. ಮರದ ಹಳೆಯ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಕಟ್ಟಿ 1912ರಲ್ಲಿ ಮುಗಿಸಿದ ಕಟ್ಟಡ. ಮೈತುಂಬ ಲಕ್ಷದ ಹತ್ತಿರ ಬಲ್ಬು. ಜನವೆಲ್ಲ "ಆಹಾ" ಎಂದಿತು. ಬಚ್ಚಲಿನ ದೀಪ ಆರಿಸಲು ಮರೆತರೆ ರಂಪ ಮಾಡುವ ನಮ್ಮನೆಯವರು ಮಾತ್ರ, "ಬಿಲ್ ಎಷ್ಟು ಬರಬಹುದೇ?" ಎಂದರು.

ಸೋಮನಾಥಪುರದಲ್ಲಿ ಇವರು ಇತಿಹಾಸದ ಮೇಷ್ಟ್ರಾದರು. 13ನೇ ಶತಮಾನದ ಹೊಯ್ಸಳ ಗುಡಿ, 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು ಎಂದೆಲ್ಲ ಹೇಳಿ, "ನೋಡೇ, ಶಿಲ್ಪಿ ಮಲ್ಲಿತಮ್ಮ ತಾನು ಕೆತ್ತಿದ್ದರ ಕೆಳಗೆ ಹೆಸರು ಹಾಕಿದಾನೆ. ಏಳೂವರೆ ಶತಮಾನ ಆದ್ರೂ ಉಳಿದಿದೆ" ಎಂದರು. ಮದುವೆಯಾದಾಗಿನಿಂದ ನಾನು ಮಾಡಿದ ಸಾರಿನ ಕೆಳಗೆ ಒಂದು ದಿನವೂ ರುಜು ಹಾಕಿಲ್ಲವಲ್ಲ ಎಂದು ನನಗೆ ಆಗಲೇ ಹೊಳೆದದ್ದು.

ಆದರೆ ಪ್ರವಾಸಕ್ಕೆ ಅರ್ಥ ಬಂದದ್ದು ಹದಿನಾರು ಕೆರೆಯಲ್ಲಿ. ನಂಜನಗೂಡು ತಾಲ್ಲೂಕಿನ ಊರು. "ಈ ವಯಸ್ಸಲ್ಲಿ ಹದಿನಾರಾ?" ಎಂದು ಪಕ್ಕದ ಮನೆಯಾಕೆ ನಕ್ಕರು. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿಗಳು. ಏಳು ಸಾವಿರ ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಷ್ಟು ಮೇಲೆ ಉಸಿರಾಟಕ್ಕೆ ಸಿಗುವ ಅಲ್ಪ ಆಮ್ಲಜನಕವನ್ನೂ ಬಿಡದೆ ಹೀರಿಕೊಳ್ಳುವ ರಕ್ತ ಅವುಗಳದು. ನಂದಿಯ ಮುಂದೆ ಅಡ್ಡಬಿದ್ದವರು ಇದನ್ನು ಕೇಳಿ ಸುಮ್ಮನಾದರು.

"ನೋಡ್ರೀ, ಹಿಮ ಬೇಡಾಂತ ಅವು ಅಲ್ಲಿಂದ ಇಲ್ಲಿಗೆ ಬಂದಿವೆ. ನೀವು ಹಿಮ ಬೇಕೂಂತ ಇಲ್ಲಿಂದ ಅಲ್ಲಿಗೆ ಹೊರಟಿದ್ರಿ" ಎಂದೆ.

"ಅವಕ್ಕೇನೇ, ವೇಟಿಂಗ್ ಲಿಸ್ಟ್ ಇಲ್ಲ" ಎಂದರು.

ಏರಿಯ ಮೇಲೆ ದನ ಹೊಡೆದುಕೊಂಡು ಬಂದ ಅಜ್ಜ ನಿಂತು ಮಾತಾಡಿಸಿದ. "ಬಾತು ನೋಡಕ್ ಬಂದ್ರಾ ಸ್ವಾಮಿ? ಹಗಲೊತ್ತು ನೀರ್ ಮೇಲೇ ತೂಕಡಿಸ್ತವೆ. ಕತ್ಲಾದ್ರೆ ಗದ್ದೆಗ್ ಬಂದು ಮೇಯ್ತವೆ."

"ರಜೆ ಅಂದ್ರೆ ಹೀಗಿರಬೇಕು" ಎಂದು ನಮ್ಮನೆಯವರು ನಿಟ್ಟುಸಿರು ಬಿಟ್ಟರು. ಹಗಲು ತೂಕಡಿಕೆ, ರಾತ್ರಿ ಊಟ, ಸಾರು ಮಾಡುವವರು ಯಾರೂ ಇಲ್ಲ. ನನಗೂ ಒಪ್ಪಿಗೆಯಾಯಿತು.

ಬರುವ ದಾರಿಯಲ್ಲಿ ಅಗ್ಗವೆಂದು ಸೊಗಡವರೆ ಮೂಟೆಯಷ್ಟು ಕೊಂಡರು. ತಂದವರೇ ಸುಲಿಯಬೇಕೆಂದು ನಾನು ಕಾಯಿದೆ ಮಾಡಿದೆ. ರಾತ್ರಿ ಟಿವಿ ಆರಿಸಿ, ಜಗಲಿಯ ಮೇಲೆ ಚಾಪೆ ಹಾಸಿ, ನೆನೆಸಿದ ಕಾಳು ಹಿದುಕುತ್ತಾ ಕೂತೆವು. ಮಕ್ಕಳ ಫೀಸು, ಮಾವನವರ ಮಂಡಿನೋವು ಬಿಟ್ಟು ಬೇರೆ ಮಾತು ನಮ್ಮಿಬ್ಬರ ನಡುವೆ ಇನ್ನೂ ಉಳಿದಿದೆ ಎಂದು ಗೊತ್ತಾದದ್ದು ಅಲ್ಲಿ. ಮಾರನೆಯ ದಿನದ ಹಿದಕಬೇಳೆ ಸಾರನ್ನು ಅವರೇ ಮಾಡಿದರು. ಉಪ್ಪು ಮುಂದಾಗಿತ್ತು, ರುಜು ಯಾರದೆಂದು ಕೇಳುವ ಹಾಗೇ ಇರಲಿಲ್ಲ.

ಆದ್ದರಿಂದ, ಸಿಎಲ್ ಉಳಿಸಿಕೊಂಡ ದಂಪತಿಗಳಲ್ಲಿ ನನ್ನ ವಿನಂತಿ. ಹತ್ತಿರವೇ ಹೋಗಿ. ಜರ್ಕಿನ್ ಮನೆಯಲ್ಲಿರಲಿ. ಮೃಗಾಲಯಕ್ಕೂ ಕಾರಂಜಿ ಕೆರೆಗೂ ಸಾಮಾನ್ಯವಾಗಿ ಮಂಗಳವಾರ ರಜೆ, ಕೇಳಿಕೊಂಡು ಹೊರಡಿ. ರಾತ್ರಿಯ ಸಾರು ಯಾರದೆಂದು ಬೀಗ ಹಾಕುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಹೆಬ್ಬಾತುಗಳು ಬೇಸಿಗೆ ಬಲಿಯುವವರೆಗೆ ಇರುತ್ತವೆ. ನಿಮ್ಮ ಸಿಎಲ್ ಡಿಸೆಂಬರ್ 31ಕ್ಕೇ ಮುಗಿಯುತ್ತದೆ.