ಹಿತ್ತಲ ಚೇತಕ್

ಚನ್ನಗಿರಿಯ ನಮ್ಮ ಮನೆ ಹಿತ್ತಲಲ್ಲಿ ಒಂದು ಬಜಾಜ್ ಚೇತಕ್ ಇದೆ. ‘ಇದೆ’ ಅನ್ನುವುದು ನನ್ನ ಮಾತು, ‘ಬಿದ್ದಿದೆ’ ಅನ್ನುವುದು ಹೆಂಡತಿಯ ತಿದ್ದುಪಡಿ. ನಾನದನ್ನು ಕೊಂಡದ್ದು 1996ರಲ್ಲಿ, ಚನ್ನಗಿರಿ ಇನ್ನೂ ಶಿವಮೊಗ್ಗ ಜಿಲ್ಲೆಯಲ್ಲಿದ್ದಾಗ. ಹಾಗಾಗಿ ನಂಬರು ಕೆಎ 14. ಮರುವರ್ಷ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯಾಯಿತು. ನನ್ನ ಸ್ಕೂಟರು ಪೆಟ್ರೋಲಿಲ್ಲದೆ ಜಿಲ್ಲೆ ದಾಟಿದ್ದು ಅದೊಂದೇ ಸಲ. ಮಿಕ್ಕ ದಿನ ಒಂದು ಕಡೆ ವಾಲಿಸಿ, ಹತ್ತು ಕಿಕ್ ಹೊಡೆದು, ಮನೆದೇವರನ್ನು ನೆನೆದರೆ ಗೇಟು ದಾಟುತ್ತಿತ್ತು. 15 ವರ್ಷದ ನೋಂದಣಿ 2011ಕ್ಕೆ ಮುಗಿಯಿತು. ನಾವಿಬ್ಬರೂ ಅಂದೇ ನಿವೃತ್ತರಾದೆವು.

ನಿಂತ ಮೇಲೆ ದಾನಧರ್ಮ ಶುರು. ಸ್ಟೆಪ್ನಿ ಹೊನ್ನಾಳಿಯ ಬಾಮೈದನಿಗೆ, ಹೆಡ್‌ಲೈಟು ಜಗಳೂರಿನ ಸೋದರಮಾವನಿಗೆ, ಕಾರ್ಬೊರೇಟರು ನ್ಯಾಮತಿಯ ಷಡ್ಡಕನಿಗೆ. ಕೊಟ್ಟಾಗ ನ್ಯಾಮತಿ ಹೊನ್ನಾಳಿ ತಾಲ್ಲೂಕಿನಲ್ಲೇ ಇತ್ತು, ಆಮೇಲೆ ಅದೂ ಬೇರೆಯಾಯಿತು. ಈಗ ನನ್ನ ಗಾಡಿ ನಾಲ್ಕು ತಾಲ್ಲೂಕಿನಲ್ಲಿ ಹರಡಿದೆ. ಇಲ್ಲಿಯ ಯಾವ ಶಾಸಕರಿಗೂ ಇಷ್ಟು ದೊಡ್ಡ ಕ್ಷೇತ್ರವಿಲ್ಲ.

ಮೊನ್ನೆ ‘ಹಳೇ ಕಬ್ಬಿಣಾ…’ ಎಂದು ಕೂಗುತ್ತ ಬಂದವನನ್ನು ಹೆಂಡತಿಯೇ ಹಿತ್ತಲಿಗೆ ಕರೆದಳು. ಅವನು ತುಕ್ಕಿನ ತೂತಿನಲ್ಲಿ ಬೆರಳಾಡಿಸಿ, “ಕೆಜಿ ಲೆಕ್ಕ ಸಾರ್. ಆದ್ರೆ ಅರ್ಧ ಗಾಡಿ ಎಲ್ಲಿ?” ಅಂದ.

ಮಾನ ಉಳಿಸಿಕೊಳ್ಳಲು ನಾನು ಕಾನೂನು ತೆಗೆದೆ. ನಾವು ಗುಜರಿ ಅಂದರೆ ಸಾಲದು. ಆರ್‌ಟಿಒ ದಾಖಲೆಯಲ್ಲಿ ಇರುವವರೆಗೆ ಅದು ವಾಹನ, ನಾನು ಮಾಲೀಕ. ಚಾಸಿ ನಂಬರಿನ ಸಮೇತ ತೂಕಕ್ಕೆ ಹಾಕಿ, ನಾಳೆ ಆ ನಂಬರು ಕಳ್ಳಗಾಡಿಯ ಮೇಲೆ ಕೂತರೆ ಪೊಲೀಸರು ಹುಡುಕಿಕೊಂಡು ಬರುವುದು ನಮ್ಮ ಮನೆಗೆ. 2021ರ ನಿಯಮದಂತೆ ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿದರೆ ‘ಸರ್ಟಿಫಿಕೇಟ್ ಆಫ್ ಡೆಪಾಸಿಟ್’ ಕೊಡುತ್ತಾರೆ. ನನ್ನ ಹೆಸರಿನಲ್ಲಿ ಡೆಪಾಸಿಟ್ ಅಂತ ಇರುವುದು ಅದೊಂದೇ ಆಗಲಿತ್ತು.

“ಎಷ್ಟು ದಿನದೊಳಗೆ ತಿಳಿಸ್ಬೇಕಂತೆ?” ಹೆಂಡತಿ ಕೇಳಿದಳು.

1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಪ್ರಕಾರ, ಗಾಡಿ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಮಾಲೀಕ 14 ದಿನದೊಳಗೆ ‘ಅಥವಾ ಆದಷ್ಟು ಬೇಗ’ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಆ ‘ಆದಷ್ಟು ಬೇಗ’ವನ್ನು ಎರಡು ಸಲ ಓದಿ ಹೇಳಿದೆ. ಸೋರುವ ನಲ್ಲಿ, ಕಿತ್ತ ಚಿಲಕ, ಸುಣ್ಣ ಕಾಣದ ಗೋಡೆ, ಎಲ್ಲಕ್ಕೂ ನಾನು ಕೊಡುತ್ತ ಬಂದ ಗಡುವು ಅದೇ. ಸಂಸತ್ತಿನಲ್ಲೂ ನನ್ನಂಥ ಗಂಡಂದಿರು ಇದ್ದಾರೆಂದು ಧೈರ್ಯ ಬಂತು.

“ಸರಿ. ಆರ್‌ಸಿ ಎಲ್ಲಿ?”

ಸ್ಕೂಟರಿನ ಎಡಗಡೆ ಡಬ್ಬದಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ. ಮುಚ್ಚಳ ಎಂದೋ ಕಿತ್ತುಹೋಗಿತ್ತು. ಕೈ ಹಾಕಿದೆ. ಮುಂಗೈ ಮೇಲೆ ಟಪ್ಪನೆ ಕುಕ್ಕು ಬಿತ್ತು. ನಮ್ಮ ಕಪ್ಪು ಹ್ಯಾಟೆ, ಗರಿ ಕೆದರಿಕೊಂಡು, ಹುಲ್ಲುಕಡ್ಡಿಯ ಮೇಲೆ ಕಾವಿಗೆ ಕೂತಿದೆ. ಅದರ ಹೊಟ್ಟೆಯಡಿ ಕವರಿನ ಒಂದು ಮೂಲೆ ಕಾಣುತ್ತಿತ್ತು.

“ಏಳಿಸ್ಬೇಡ್ರೀ!” ಹೆಂಡತಿ ನನ್ನ ಕೈ ಹಿಡಿದೆಳೆದಳು. “ನಿನ್ನೆ ತಾನೇ ಕೂತಿದೆ. 21 ದಿನ ಯಾರೂ ಗಾಡಿ ಮುಟ್ಟೋ ಹಾಗಿಲ್ಲ.”

ಬಳಕೆಗೆ ಬಾರದ ಗಾಡಿ ಅಂದವರು ಯಾರು ಎಂದು ಕೇಳಬೇಕೆನಿಸಿತು. ಕುಕ್ಕಿದ ಜಾಗ ಉರಿಯುತ್ತಿತ್ತು, ಸುಮ್ಮನಾದೆ.

ಗುಜರಿಯವನು ತಕ್ಕಡಿ ಹೆಗಲಿಗೇರಿಸಿದ. “ಮುಂದಿನ ತಿಂಗಳು ಬರ್ತೀನಕ್ಕಾ, ಎರಡು ಮರಿ ಇಟ್ಟಿರಿ. ಅದಕ್ಕೆ ಕೆಜಿ ಲೆಕ್ಕ ಬೇಡ, ಒಳ್ಳೇ ರೇಟು ಕೊಡ್ತೀನಿ.”