ಬೋಳಾರದ ಕ್ಯಾಸೆಟ್ಟಣ್ಣ

ಮಂಗಳೂರಿನ ಬೋಳಾರದಲ್ಲಿ ಹಳೆಯ ಹಂಚಿನ ಮನೆಯೊಂದನ್ನು ಕೆಡವಿ ಫ್ಲಾಟ್ ಎಬ್ಬಿಸುತ್ತಾರೆಂಬ ಸುದ್ದಿ ಮೊದಲು ತಲುಪುವುದು ಬ್ರೋಕರರಿಗೆ, ಆಮೇಲೆ ಹಳೆ ತಾಳಮದ್ದಳೆ ಟೇಪು ಕೂಡಿಸುವ ಕ್ಯಾಸೆಟ್ಟಣ್ಣನಿಗೆ. ಕಾರ್ಪೊರೇಟರಿಗೆ ತಿಳಿಯುವುದು ಅದಕ್ಕೂ ನಂತರ. ಜೆಸಿಬಿ ಬರುವ ಮುಂಚೆಯೇ ಕ್ಯಾಸೆಟ್ಟಣ್ಣ ಅಂಗಳದಲ್ಲಿ ಹಾಜರು. ಮನೆಯವರು ತೇಗದ ಬಾಗಿಲು, ಹಿತ್ತಾಳೆ ಚೆಂಬುಗಳ ಲೆಕ್ಕದಲ್ಲಿದ್ದರೆ ಇವರ ಕಣ್ಣು ಅಟ್ಟದ ಮೇಲೆ. ಹಳೆ ಕಾಲದ ಬಿಸ್ಕತ್ ಡಬ್ಬಿಯೊಳಗೆ, ಜಿರಳೆ ಮೊಟ್ಟೆಗಳ ನಡುವೆ, ‘ವಾಲಿ – ಶೇಣಿ – 2ನೇ ಕ್ಯಾಸೆಟ್’ ಎಂದು ಬಾಲ್‌ಪೆನ್ನಿನಲ್ಲಿ ಬರೆದದ್ದು ಸಿಕ್ಕಿತೋ, ಮುಖ ಅರಳುತ್ತದೆ, ಮಾತು ಮಾತ್ರ ಉದಾಸೀನ: “ಇದೆಲ್ಲ ಬೂಷ್ಟು ಹಿಡಿದದ್ದು ಮಾರಾಯ್ರೆ, ಗುಜರಿಯವರೂ ತಕ್ಕೊಳ್ಳುದಿಲ್ಲ. ನಾನೇ ಕೊಂಡೋಗ್ತೇನೆ.” ಪಕ್ಕದ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಹಂಚು ಸುಡಲು ತೊಡಗಿದಾಗ, ಆ ಹಂಚಿನ ಮಾಡುಗಳು ಒಂದು ದಿನ ಟೇಪುಗಳ ಗೋದಾಮಾದಾವೆಂದು ಯಾರೂ ಎಣಿಸಿರಲಿಕ್ಕಿಲ್ಲ.

ಲೋಕದ ಬೇರೆ ಸಂಗ್ರಾಹಕರ ಜಾತಿಗೆ ಇವರನ್ನು ಸೇರಿಸುವುದು ಅನ್ಯಾಯ. ಹಳೆ ಗ್ರಾಮಫೋನ್ ಪ್ಲೇಟು ಹುಡುಕುವವರಿಗೆ 1902ರಲ್ಲಿ ಗೌಹರ್ ಜಾನ್ ಹಾಡಿದ್ದು ಬೇಕು. ಸಿನಿಮಾದವರಿಗೆ 1971ರ ‘ಎನ್ನ ತಂಗಡಿ’ಯಿಂದ ಈಚೆಗಿನ ತುಳು ಹಾಡುಗಳು ಬೇಕು. ಅವೆಲ್ಲ ಕಂಪೆನಿ ಮಾಲು. ಒಂದು ಒಡೆದರೆ ಇನ್ನೊಂದು ಎಲ್ಲೋ ಇದ್ದೀತು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ ಬಂದಮೇಲೆ ಎಷ್ಟು ಮನೆಗಳಲ್ಲಿ ಆ ಕ್ಯಾಸೆಟ್ಟು ತಿರುಗಲಿಲ್ಲ! ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನ ಕೂಟವಾದ ತಾಳಮದ್ದಳೆಯ ಕತೆ ಹಾಗಲ್ಲ. ಅಲ್ಲಿ ಭಾಗವತರ ಪದ ಮಾತ್ರ ಪ್ರಸಂಗದ ಪುಸ್ತಕದ್ದು. ಪದಕ್ಕೆ ಪಾತ್ರವಾಗಿ ಆಡುವ ಮಾತು, ಅಂದರೆ ಅರ್ಥವೆಲ್ಲ ಆ ರಾತ್ರಿ, ಆ ಎದುರಾಳಿಯ ಮುಂದೆ, ಬಾಯಿಗೆ ಬಂದದ್ದು. ಅರ್ಥಧಾರಿಗಳಾದ ಶೇಣಿ ಗೋಪಾಲಕೃಷ್ಣ ಭಟ್ಟರೂ ಮಲ್ಪೆ ರಾಮದಾಸ ಸಾಮಗರೂ ಎದುರುಬದುರು ಕೂತರೆ ನಿನ್ನೆಯ ಕೂಟದ ಮಾತು ಇಂದಿಗಿಲ್ಲ. ಸಭೆಯಲ್ಲಿ ಯಾರೋ ಪುಣ್ಯಾತ್ಮ ತೊಡೆಯ ಮೇಲೆ ಟೇಪ್‌ರೆಕಾರ್ಡರ್ ಇಟ್ಟುಕೊಂಡಿದ್ದರೆ ಉಳಿಯಿತು, ಇಲ್ಲವಾದರೆ ಹೋಯಿತು. ಆದ್ದರಿಂದ ಕ್ಯಾಸೆಟ್ಟಣ್ಣ “ಇದು ನನ್ನತ್ರ ಮಾತ್ರ ಉಂಟು” ಎಂದಾಗ ಅದು ಬಡಾಯಿಯಲ್ಲ, ಬಹುಮಟ್ಟಿಗೆ ಸತ್ಯ. ತೊಂದರೆ ಶುರುವಾಗುವುದೇ ಆ ‘ಮಾತ್ರ’ದಲ್ಲಿ.

ಏಕೆಂದರೆ ಅವರ ಪ್ರೀತಿ ಕೂಟದ ಮೇಲಲ್ಲ, ಬೇರೆಯವರಲ್ಲಿ ಅದು ಇಲ್ಲದಿರುವುದರ ಮೇಲೆ. ಸಾಕ್ಷಿ ಬೇಕಾದರೆ ಅವರ ಕಪಾಟಿನ ಎದುರು ನಿಂತು ಕೇಳಿ. ಬೋಳಾರವೆಂಬ ಊರ ಹೆಸರನ್ನು ರಂಗಸ್ಥಳದಲ್ಲಿ ಮೆರೆಸಿದ ಬೋಳಾರ ನಾರಾಯಣ ಶೆಟ್ಟರ ದನಿ ಉಂಟಾ? “ಉಂಟು.” ಭಾಗವತ ದಾಮೋದರ ಮಂಡೆಚ್ಚರ ಪದ? “ಉಂಟು.” ಒಮ್ಮೆ ಹಾಕಿ ಅಣ್ಣ. “ಹಾಕ್ಲಿಕ್ಕೆ ಇಲ್ಲ. ಹಾಕಿದರೆ ರೀಲು ಸವೆಯುತ್ತದೆ.” ಕಾಪಿ? “ಕಾಪಿ ಆದಮೇಲೆ ಅದರ ಬೆಲೆ ಏನು?” ಹಾಗಾದರೆ ಅವರಾದರೂ ಕೇಳುತ್ತಾರೆಯೇ ಎಂದರೆ, ಅವರಿಗೆ ಪುರುಸೊತ್ತಿಲ್ಲ, ಮುಳಿಹಿತ್ಲು ಕಡೆ ಇನ್ನೊಂದು ಮನೆ ಕೆಡವುತ್ತಿದ್ದಾರಂತೆ. ಅವರು ಚರ್ಚಿಸುವುದು ಟೇಪಿನ ದೇಹವನ್ನು. ಮೇಲಂಚಿನ ಪ್ಲಾಸ್ಟಿಕ್ ಚೂರು ಮುರಿದಿದೆಯೇ, ಮುರಿದ ಜಾಗಕ್ಕೆ ಸೆಲೋಟೇಪ್ ಹಚ್ಚಿ ಮನೆಯ ಯಾವುದೋ ಹುಡುಗ ವಾಲಿಯ ಕೊನೆಯ ಮಾತಿನ ಮೇಲೆ ಸಿನಿಮಾ ಹಾಡು ತುಂಬಿಸಿದ್ದಾನೆಯೇ, ಹಿನ್ನೆಲೆಯಲ್ಲಿ ಕೆಮ್ಮಿದವರು ಯಾರು? ತೊಂಬತ್ತು ನಿಮಿಷದ ಕ್ಯಾಸೆಟ್ಟು ನಲವತ್ತೈದಕ್ಕೆ ಮಗುಚಬೇಕು. ಮಗುಚುವಾಗ ನಾಲ್ಕು ಮಾತು ತಪ್ಪುತ್ತದೆ. ಇಡೀ ಕೂಟದ ಅತ್ಯುತ್ತಮ ಉತ್ತರ ಬಂದದ್ದು ಆ ನಾಲ್ಕು ಮಾತಿನಲ್ಲೇ ಎಂದು ಕ್ಯಾಸೆಟ್ಟಣ್ಣ ಆಣೆ ಹಾಕುತ್ತಾರೆ. ಯಾರೂ ಅಲ್ಲಗಳೆಯುವಂತಿಲ್ಲ. ಹಳೆಯ ಭಾಗವತರ ಶ್ರುತಿ ಎಷ್ಟು ಏರು ಗೊತ್ತೇ ಎಂದು ಈಗಿನವರನ್ನು ಹೀಗಳೆಯುವುದೂ ಇದೇ ಟೇಪಿನ ಬಲದಿಂದ. ಹಿಂದಿನವರ ಏರುಶ್ರುತಿ ನಿಜವೇ. ಆದರೆ ಬ್ಯಾಟರಿ ಇಳಿದ ರೆಕಾರ್ಡರಿನಲ್ಲಿ ರೀಲು ನಿಧಾನ ಓಡುತ್ತದೆ, ಅದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ತಾನಾಗಿ ಮೇಲೇರುತ್ತದೆ. ಭಾಗವತರ ಕೀರ್ತಿಯಲ್ಲಿ ಬ್ಯಾಟರಿಗೂ ಒಂದು ಪಾಲು ಸಲ್ಲಬೇಕಾದ ಟೇಪುಗಳೂ ಇವೆ.

ಅವರ ಪರವಾಗಿ ಹೇಳಬಹುದಾದ ಮಾತನ್ನು ಹೇಳದಿದ್ದರೆ ತಪ್ಪಾದೀತು. ಇವರಿಲ್ಲದಿದ್ದರೆ ಆ ಡಬ್ಬಿ ನೇರ ಗುಜರಿಗೆ, ಅಲ್ಲಿಂದ ಕುಲುಮೆಗೆ ಹೋಗುತ್ತಿತ್ತು. ಮಕ್ಕಳು ದುಬಾಯಿ–ಬೆಂಗಳೂರುಗಳಲ್ಲಿರುವ ಮನೆಯ ಅಟ್ಟವನ್ನು ಕ್ಯಾಸೆಟ್ಟಣ್ಣನಷ್ಟು ಅಕ್ಕರೆಯಿಂದ ಯಾರೂ ಕೆದಕುವುದಿಲ್ಲ. ಒಪ್ಪೋಣ. ಆದರೆ ಕುಲುಮೆಯಿಂದ ಪಾರಾದ ಟೇಪು ಹೋಗಿ ಬೀಳುವುದು ಎಲ್ಲಿಗೆ? ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನ, ನೇತ್ರಾವತಿಯ ಗಾಳಿಗೆ ಮೈಯೊಡ್ಡಿದ ಒಂದು ಕಪಾಟಿಗೆ. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಎರಡು ಕೆಲಸ ಒಟ್ಟಿಗೆ ಶುರುವಾಗುತ್ತವೆ: ಊರಲ್ಲಿ ಮಳೆಗಾಲದ ತಾಳಮದ್ದಳೆ, ಕಪಾಟಿನಲ್ಲಿ ಬೂಷ್ಟು. ಓಡಿಸದ ರೀಲು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಹತ್ತು ವರ್ಷ ಬಿಟ್ಟು ಹಾಕಿದರೆ ಶೇಣಿಯವರ ಬದಲು ಕಿರಕಿರ ಸದ್ದೇ ಅರ್ಥ ಹೇಳುತ್ತದೆ. ಕೇಳಿದರೆ ಸವೆಯುತ್ತದೆಂಬ ಭಯದಲ್ಲಿ ಕೇಳದೆಯೇ ಕೊಳೆಸುವುದು ಮಡಿಯೆಂದು ಹಲಸಿನ ಹಣ್ಣನ್ನು ಮುಟ್ಟದೆ ಇಟ್ಟಂತೆ.

“ನನ್ನ ದುಡ್ಡು, ನನ್ನ ಶ್ರಮ, ನನ್ನ ಹಕ್ಕು” ಎಂಬುದು ಕೊನೆಯ ಅಸ್ತ್ರ. ದುಡ್ಡಿನ ವಿಷಯ ಬಿಸ್ಕತ್ ಡಬ್ಬಿಗೇ ಗೊತ್ತು. ಹಕ್ಕಿನ ಮಾತಾದರೆ, ಅರ್ಥ ಹೇಳಿದವರನ್ನು ಅಂದು ರೆಕಾರ್ಡರ್ ಇಟ್ಟವರೂ ಕೇಳಿರಲಿಕ್ಕಿಲ್ಲ. ಈಗ ಎಲ್ಲ ಯೂಟ್ಯೂಬಿನಲ್ಲಿ ಉಂಟಲ್ಲ ಎನ್ನುವವರೂ ಇದ್ದಾರೆ. ಅಲ್ಲಿರುವುದೆಲ್ಲ ಯಾರೋ ಒಬ್ಬರು ಕಪಾಟು ತೆರೆದದ್ದರಿಂದ ಬಂದದ್ದು. ಬೋಳಾರದ ಕಪಾಟಿನದ್ದು ಅಲ್ಲಿಲ್ಲ. ಕೊಡಲು ಜಾಗವಿಲ್ಲವೆಂದೇನೂ ಅಲ್ಲ, ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಇಂಥದ್ದನ್ನು ದಾಖಲಿಸುವುದಕ್ಕೆಂದೇ ಇದೆ. ಬೋಳಾರದಿಂದ ಅಲ್ಲಿಗೆ ಬಸ್ಸಿನಲ್ಲಿ ಎರಡು ಗಂಟೆಯೂ ಬೇಡ.

ನಿಮ್ಮ ಪರಿಚಯದಲ್ಲಿ ಒಬ್ಬ ಕ್ಯಾಸೆಟ್ಟಣ್ಣ ಇದ್ದರೆ, ಮುಂದಿನ ಪತ್ತನಾಜೆಯ ಒಳಗೆ ಹೋಗಿ ನೋಡಿ. ‘ಬಹಳ ಅಪರೂಪದ್ದಂತೆ, ಕಾಪಿ ಕೊಡಿ’ ಎಂದು ಮಾತ್ರ ಕೇಳಬೇಡಿ, ಬೀಗ ಇನ್ನೊಂದು ಸುತ್ತು ತಿರುಗೀತು. ‘ಈ ಕೂಟ ನಮ್ಮ ಮಾವನ ಮನೆಯಲ್ಲೂ ಉಂಟು, ನಿಮ್ಮದರಲ್ಲಿ ಶಬ್ದ ಸರಿ ಇಲ್ಲವಂತೆ’ ಎನ್ನಿ. ತಮ್ಮದೇ ಸರಿ ಎಂದು ತೋರಿಸಲಿಕ್ಕಾದರೂ ಅವರು ಆ ರಾತ್ರಿಯೇ ಹಾಕಿ ಕೇಳಿಸುತ್ತಾರೆ. ಹೋಗುವಾಗ ಮೊಬೈಲಿನ ಚಾರ್ಜ್ ತುಂಬಿರಲಿ.