ಶ್ರೀ 577101 ಸಂಖ್ಯಾ ಮಹಾತ್ಮೆ

ಐದು ಲಕ್ಷದ ಎಪ್ಪತ್ತೇಳು ಸಾವಿರದ ನೂರ ಒಂದು. ಇದು ಚಿಕ್ಕಮಗಳೂರಿನ ಪಿನ್ ಕೋಡ್ ಎಂದಷ್ಟೇ ಅಂಚೆಯವರು ಹೇಳಿ ಕೈತೊಳೆದುಕೊಂಡಿದ್ದಾರೆ. ವಸ್ತಾರೆ ಸೀಮೆಯ ತೋಟದ ರೈಟರಾದ ನಾವು ಮಳೆಗಾಲದ ಕರೆಂಟಿಲ್ಲದ ರಾತ್ರಿಗಳಲ್ಲಿ ಮಸ್ಟರ್ ಪುಸ್ತಕದ ಹಿಂಬದಿಯಲ್ಲಿ ಭಾಗಾಕಾರ ಮಾಡಿ ಕಂಡ ಸತ್ಯ ಬೇರೆಯೇ ಇದೆ.

ಮೊದಲಿಗೆ 577. ಚೌಕದ ಕರ್ಣಕ್ಕೆ ಬೌಧಾಯನ ಶುಲ್ಬಸೂತ್ರ ಕೊಡುವ ಅಳತೆ ಹೀಗೆ: ಬಾಹುವಿಗೆ ಅದರ ಮೂರನೆಯ ಒಂದು ಪಾಲು ಸೇರಿಸು, ಆ ಪಾಲಿನ ಕಾಲುಭಾಗ ಸೇರಿಸು, ಆ ಕಾಲಿನ ಮೂವತ್ತನಾಲ್ಕನೆಯ ಒಂದು ಪಾಲು ಕಳೆ. ಲೆಕ್ಕ ಹಾಕಿದರೆ ಬರುವುದು 577/408. ಎರಡರ ವರ್ಗಮೂಲಕ್ಕೆ ಐದು ದಶಮಾಂಶದವರೆಗೂ ಸರಿ. ಇನ್ನು, 1972ರ ಆಗಸ್ಟ್ 15ರಂದು ಬಂದ ಪಿನ್ ಪದ್ಧತಿಯ ಕರ್ತೃ ಶ್ರೀರಾಮ್ ಭಿಕಾಜಿ ವೇಲಣಕರ್ ಸಂಸ್ಕೃತ ಕವಿ. ಇದಕ್ಕಿಂತ ಕಡಿಮೆ ಪುರಾವೆಗೆ ಡಾಕ್ಟರೇಟ್ ಸಿಕ್ಕಿದ್ದನ್ನು ಕಂಡಿದ್ದೇವೆ. 408 ಏನಾಯಿತೆಂಬುದು ಈ ಪ್ರಬಂಧದ ವ್ಯಾಪ್ತಿಗೆ ಹೊರಗು.

ಆದರೆ 577 ಶಿವಮೊಗ್ಗಕ್ಕೂ ದಾವಣಗೆರೆಗೂ ಚಿತ್ರದುರ್ಗಕ್ಕೂ ಸಲ್ಲುತ್ತದೆ. ಹಂಚಿಕೊಂಡ ಕೀರ್ತಿಯಿಂದ ಏನು ಪ್ರಯೋಜನ? ಆದ್ದರಿಂದ ಪೂರ್ತಿ ಸಂಖ್ಯೆಯನ್ನೇ ಒಡೆದೆವು:

577101 = 3 × 7 × 27481.

ಏಳು! ಬಾಬಾಬುಡನ್ ಮೋಚಾದಿಂದ ತಂದು ಗಿರಿಯಲ್ಲಿ ಬಿತ್ತಿದರೆಂಬ ಪ್ರತೀತಿಯ ಕಾಫಿ ಬೀಜಗಳೆಷ್ಟು? ಏಳು. ಶಿವಮೊಗ್ಗದ 577201 ಏಳರಿಂದ ಭಾಗವಾಗುವುದಿಲ್ಲ. ದಾವಣಗೆರೆಯ 577001 ಆಗುವುದಿಲ್ಲ. ಚಿತ್ರದುರ್ಗದ 577501 ಆಗುವುದಿಲ್ಲ. ಮೂಡಿಗೆರೆ (577132), ಕಳಸ (577124) ಕಾಫಿ ಸೀಮೆಗಳೇ ಆದರೂ ಅವೂ ಆಗುವುದಿಲ್ಲ. ಗಿಡ ಅಲ್ಲಿಗೆ ಆಮೇಲೆ ಹೋಯಿತೆಂಬುದಕ್ಕೆ ಬೇರೆ ಶಾಸನ ಬೇಕೇ?

ಇಲ್ಲೊಂದು ಪೂರ್ವಪಕ್ಷ. ಪ್ರತಿ ಏಳನೆಯ ಸಂಖ್ಯೆಯೂ ಏಳರಿಂದ ಭಾಗವಾಗುತ್ತದಲ್ಲ, ಇದರಲ್ಲಿ ಮಹಿಮೆಯೇನು ಎಂದು ಗಣಿತದ ಮೇಷ್ಟರೊಬ್ಬರು ಕೇಳಿದರು. ಅವರು ಬಯಲುಸೀಮೆಯವರು, ಕುಡಿಯುವುದು ಟೀ.

ಮೂರು ಎಂದರೆ ಅರೇಬಿಕಾ, ರೋಬಸ್ಟಾ, ಚಿಕೋರಿ. ಕೊನೆಯದನ್ನು ಈ ಸಾಲಿನಲ್ಲಿ ಎಣಿಸಿದ್ದಕ್ಕೆ ಬೆಳೆಗಾರರ ಕ್ಷಮೆ ಇರಲಿ, ಮೂರನೆಯದು ಬೇಕಿತ್ತು.

ಉಳಿದದ್ದು 27481. ಇದು ಅವಿಭಾಜ್ಯ. 163ರವರೆಗಿನ ಒಂದೊಂದು ಅವಿಭಾಜ್ಯದಿಂದಲೂ ಭಾಗಿಸಿ ನೋಡಿದ್ದೇವೆ, ಯಾವುದಕ್ಕೂ ಬಗ್ಗಲಿಲ್ಲ. ಅಣ್ಣತಮ್ಮಂದಿರು ಹಿಸ್ಸೆಗೆ ಕೂತಾಗ ಯಾರ ಪಾಲಿಗೂ ಹೋಗದೆ ನಡುವೆ ನಿಂತುಬಿಡುವ ಕಣ ಇದ್ದ ಹಾಗೆ.

ಹಿಸ್ಸೆಯ ಮಾತು ಬಂದದ್ದರಿಂದ ಕಡೆಯ ವರ್ಗೀಕರಣ. ಒಂದು ಸಂಖ್ಯೆಯ ಭಾಜಕಗಳನ್ನು, ಅದನ್ನೇ ಬಿಟ್ಟು, ಕೂಡಿಸಿದಾಗ ಅದೇ ಬಂದರೆ ಪೂರ್ಣ, ಹೆಚ್ಚಾದರೆ ಅಧಿಕ, ಕಡಿಮೆಯಾದರೆ ನ್ಯೂನ ಎಂದು ಗ್ರೀಕರ ನಿಕೋಮಾಕಸ್ ವಿಂಗಡಿಸಿದ. ಆರು ಪೂರ್ಣ: 1, 2, 3 ಕೂಡಿದರೆ ಆರೇ. ನಮ್ಮ ಸಂಖ್ಯೆಯ ಭಾಜಕಗಳು 1, 3, 7, 21, 27481, 82443, 192367. ಮೊತ್ತ 302323. ನ್ಯೂನ! ಪಾಲುಗಳನ್ನೆಲ್ಲ ಒಟ್ಟು ಹಾಕಿದರೂ ಮೂಲ ಆಸ್ತಿಗೆ 274778 ಕಡಿಮೆ. ನಿಕೋಮಾಕಸನಿಗೆ ಇದು ಸಿದ್ಧಾಂತ, ಮಲೆನಾಡಿನವರಿಗೆ ಅನುಭವ. ಆ ವ್ಯತ್ಯಾಸದ ಮೊತ್ತ ವಕೀಲರಿಗೆ ಹೋಗುತ್ತದೆಂಬುದು ನಮ್ಮ ಊಹೆ. ಸಾಧನೆಯನ್ನು ಮುಂದಿನ ವಾಯಿದೆಗೆ ಇಟ್ಟುಕೊಂಡಿದ್ದೇವೆ.